ಮಣ್ಣಿನೊಳಗಿನ ಕೊಕ್ಕೆ

ಹಾಸನದ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದು ಭೂಮಿ ಹದಕ್ಕೆ ಬಂದೊಡನೆ, ಹಿತ್ತಲಿನ ನಾಲ್ಕು ಸಾಲುಗಳಲ್ಲಿ ಕುಫ್ರಿ ಜ್ಯೋತಿ ಎಂಬ ಆಲೂಗೆಡ್ಡೆ ತಳಿಯ ಬಿತ್ತನೆ ಗೆಡ್ಡೆಗಳನ್ನು ಮೊಳಕೆ ಮೇಲಾಗುವಂತೆ ಊರುವುದು ಎಷ್ಟೋ ವರ್ಷಗಳಿಂದ ನನಗೆ ವ್ರತದಂತೆ ನಡೆದುಬಂದಿದೆ; ಆದರೆ ಆ ವ್ರತದ ಪರಮಾನಂದವಿರುವುದು ಗೆಡ್ಡೆ ಕೀಳುವ ದಿನದಲ್ಲಲ್ಲ, ಬಿತ್ತಿದ ಐದಾರು ವಾರಗಳ ತರುವಾಯ ಒಂದೇ ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡುವ ಆ ಬೆಳಗಿನಲ್ಲಿ.

ಬುಡದಿಂದ ಹೊರಟ ಬಿಳಿಯ ಕುಡಿಯೊಂದು ಅಲ್ಲಿ ಕಾಣುತ್ತದೆ. ಬೇರೆಂದು ಭ್ರಮಿಸುವವರೇ ಹೆಚ್ಚು. ಅದು ಕತ್ತಲೆಯಲ್ಲಿ ಅಡ್ಡಲಾಗಿ ಹರಿಯುವ ಕಾಂಡ. ದಪ್ಪ ದಾರದಂತಿರುವ ಅದರ ತುದಿ ಕೊಕ್ಕೆಯಾಗಿ ಬಾಗಿದೆ. ಕೊಕ್ಕೆಯ ಹಿಂಬದಿಯಲ್ಲಿ ಕಡಲೆಯಷ್ಟು ಉಬ್ಬು.

ಒಂದು ಚೋದಕದ (ಹಾರ್ಮೋನಿನ) ನಿರ್ಗಮನವೇ ಗೆಡ್ಡೆಯ ಈ ಆಗಮನಕ್ಕೆ ದಾರಿಮಾಡುತ್ತದೆಂದು ತಿಳಿದಂದಿನಿಂದ ಆ ಉಬ್ಬನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಬತ್ತದ ಸಸಿಗಳನ್ನು ಅಳತೆಮೀರಿ ನೀಳಗೊಳಿಸುವ ರೋಗವನ್ನು ಅಭ್ಯಸಿಸುತ್ತ 1926ರಲ್ಲಿ ಜಪಾನಿನ ಕುರೊಸಾವ ಅವರು ಯಾವ ದ್ರವ್ಯದ ಸುಳಿವು ಹಿಡಿದರೋ, ಆ ಗಿಬ್ಬರೆಲಿನ್ ತುದಿಯಲ್ಲಿ ತುಂಬಿರುವವರೆಗೆ ಕುಡಿ ಉದ್ದವಾಗುತ್ತಲೇ ಹೋಗುತ್ತದೆ. ಎಲೆಗಳಿಂದ ಇಳಿದ ಸಂದೇಶ ಮುಟ್ಟಿ ಗಿಬ್ಬರೆಲಿನ್ ಕುಗ್ಗಿದ ಮೇಲೆಯೇ ಕೋಶಗಳು ಉದ್ದಕ್ಕೆ ಚಾಚುವುದನ್ನು ಬಿಟ್ಟು ಅಡ್ಡಕ್ಕೆ ಹಿಗ್ಗಿ, ಸೈಟೊಕೈನಿನ್ ಎಂಬ ಇನ್ನೊಂದು ಚೋದಕದ ನೆರವಿನಿಂದ ವಿಭಜನೆಗೊಂಡು, ಪಿಷ್ಟವನ್ನು ತುಂಬಿಕೊಳ್ಳತೊಡಗುವುದು. ಆ ಸಂದೇಶ ಕಸಿಯ ಮೂಲಕವೂ ಒಂದು ಗಿಡದಿಂದ ಇನ್ನೊಂದಕ್ಕೆ ದಾಟಬಲ್ಲುದೆಂದು ಗ್ರೆಗರಿ ಎಂಬ ವಿಜ್ಞಾನಿ 1956ರಲ್ಲಿ ತೋರಿಸಿದರು.

ತಂಪು ರಾತ್ರಿಗಳನ್ನು ಗೆಡ್ಡೆ ಏಕೆ ಬಯಸುವುದೆಂಬುದೂ ಇದರಿಂದಲೇ ತಿಳಿಯುತ್ತದೆ: ಸೆಕೆಯಲ್ಲಿ ಗಿಬ್ಬರೆಲಿನ್ ಇಳಿಯಲೊಲ್ಲದು. ಯೂರಿಯಾ ಹೆಚ್ಚಾದರೂ ಹಾಗೆಯೇ. ಒಂದು ವರ್ಷ ಧಾರಾಳವಾಗಿ ಹಾಕಿ, ತೊಡೆಯೆತ್ತರದ ಹಸುರನ್ನು ಕಂಡು ಹಿಗ್ಗಿದ್ದೆ. ಕಿತ್ತಾಗ ಕೈಗೆ ಬಂದದ್ದು ಗೋಲಿಯಂಥ ಗೆಡ್ಡೆಗಳು. ಅಂದಿನಿಂದ ಬೂದಿ, ಹಟ್ಟಿಗೊಬ್ಬರ, ಸಕಾಲಕ್ಕೆ ಮಣ್ಣೇರಿಸುವುದು, ಇಷ್ಟೇ ನನ್ನ ಉಪಚಾರ.

ನೋಡಿಯಾದ ಮೇಲೆ ಕೊಕ್ಕೆಗೆ ಬೆಳಕು ತಾಗದಂತೆ ಮಣ್ಣನ್ನು ಮತ್ತೆ ಮುಚ್ಚುತ್ತೇನೆ. ಬೆಳೆ ಬಲಿತ ಮೇಲೆ ಕಿತ್ತ ಗೆಡ್ಡೆಗಳಲ್ಲಿ ಒಂದಷ್ಟನ್ನು ಅಟ್ಟದ ಕತ್ತಲೆಯಲ್ಲಿ ಹರಡಿಡುತ್ತೇನೆ. ಅಬ್ಸಿಸಿಕ್ ಆಮ್ಲವೆಂಬ ಮತ್ತೊಂದು ಚೋದಕ ಅವುಗಳ ಕಣ್ಣುಗಳನ್ನು ಎರಡು ಮೂರು ತಿಂಗಳು ನಿದ್ರೆಯಲ್ಲಿರಿಸುತ್ತದೆ. ಆಮೇಲೊಂದು ದಿನ, ಗೆಡ್ಡೆ ಕಟ್ಟಲೆಂದು ಹಿಂದೆ ಸರಿದಿದ್ದ ಅದೇ ಗಿಬ್ಬರೆಲಿನ್ ಮರಳಿ ಬರುವುದು. ಏಣಿ ಹತ್ತಿ ದೀಪ ಹಿಡಿದರೆ, ಸುಕ್ಕುಬಿದ್ದ ಸಿಪ್ಪೆಯ ಮೇಲೆ ಸಾಸಿವೆಯಷ್ಟು ಮೊಳಕೆ.