ಹಿಲ್‌ಗ್ರೋವ್‌ನಲ್ಲಿ ಗದರಿದ ಮಾತು

ನೀಲಗಿರಿಯ ಉಗಿಬಂಡಿಯ ಚಿತ್ರ ತೆಗೆಯಲು ಹೊಸಬರನ್ನು ಕರೆದೊಯ್ಯುವಿರಾದರೆ ಒಂದು ಸಂಗತಿಯನ್ನು ಮೊದಲೇ ತಿಳಿಸಿಬಿಡಿ. 1899ರಲ್ಲಿ ತೆರೆದ ಈ ಮಾರ್ಗದಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವಾಗ ಎಂಜಿನು ಮುಂದಿರುವುದಿಲ್ಲ, ಹಿಂದಿನಿಂದ ನೂಕುತ್ತದೆ. ಕಲ್ಲಾರಿನಾಚೆ ಸುಮಾರು 12 ಅಡಿಗೆ ಒಂದಡಿ ಏರು. ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚಿಕೊಂಡೇ ಅದು ಮೇಲೇರಬೇಕು.

ನಾನು ಇದನ್ನು ಹೇಳಿರಲಿಲ್ಲ. ನೀರು ತುಂಬಿಕೊಳ್ಳಲು ಹಿಲ್‌ಗ್ರೋವ್‌ನಲ್ಲಿ ಬಂಡಿ ನಿಂತೊಡನೆ, ನಮ್ಮೊಡನಿದ್ದ ಬಾಲಕನೊಬ್ಬ ಮೊಬೈಲು ಹಿಡಿದು ಮುಂದಕ್ಕೆ ಓಡಿದ. ಅಲ್ಲಿ ಎಂಜಿನಿಲ್ಲ! ಮರಳಿ ಓಡಿಬಂದವನು ದೊಡ್ಡ ಕ್ಯಾಮೆರಾಗಳ ಸಾಲಿನೆದುರಿಗೇ ನಿಂತುಬಿಟ್ಟ. “ಅಡ್ಡ ನಿಲ್ಲಬೇಡವೋ!” ಎಂದು ಗದರಿದವರಲ್ಲಿ ನಾನೂ ಒಬ್ಬ. ಕೊರಳಿಗೆ ಕ್ಯಾಮೆರಾ ಬಿದ್ದೊಡನೆ ನಮ್ಮ ವಿವೇಕ ಎಲ್ಲಿ ಅಡಗಿಕೊಳ್ಳುವುದೋ! ಅವನು ಮೊಬೈಲನ್ನು ಜೇಬಿಗಿಳಿಸಿದ. ಕೂನೂರು ಬರುವವರೆಗೂ ಹೊರತೆಗೆಯಲಿಲ್ಲ.

ನನ್ನ ಚಿತ್ರವೇನೋ ಸೊಗಸಾಗಿಯೇ ಬಂದಿತು. ಹಬೆ, ತೊಟ್ಟಿಕ್ಕುವ ನೀರು, ಹಿಂದೆ ಕಾಡು. ಮನುಷ್ಯರ ಸುಳಿವೇ ಇಲ್ಲ.

ಈಗ ಹೋದಾಗಲೆಲ್ಲ ಎಂಜಿನು ಎಲ್ಲಿದೆ, ಬಂಡಿ ಎಷ್ಟು ಹೊತ್ತು ನಿಲ್ಲುವುದು, ಬೆಳಕು ಯಾವ ಬದಿಗಿದೆ ಎಂಬುದನ್ನು ಹೊಸಬರಿಗೆ ಬಂಡಿಯಲ್ಲೇ ವಿವರಿಸುತ್ತೇನೆ. ಇಳಿದ ಬಳಿಕ ಮೊಬೈಲಿನವರು ಹಳಿಯಿಂದ ದೂರವಾಗಿ ಮುಂದೆ ಕುಳಿತುಕೊಳ್ಳುತ್ತಾರೆ. ನಾವು ಅವರ ತಲೆಯ ಮೇಲಿಂದ ತೆಗೆಯುತ್ತೇವೆ. ಯಾರಿಗೂ ಏನೂ ಕಡಿಮೆಯಾಗಿಲ್ಲ.

ಆ ಬಾಲಕನನ್ನು ಎರಡು ಬಾರಿ ಕರೆದೆ. ಬರಲಿಲ್ಲ.