ಬ್ರೇಕ್ ಆಯಿಲ್ ಬದಲಿಸುವ ಸುಖ

ಬ್ರೇಕ್ ಆಯಿಲ್ ಬದಲಿಸುವಾಗ ಒಂದು ಗಳಿಗೆ ಬರುತ್ತದೆ. ಚಕ್ರದ ಬಳಿಯ ಬ್ಲೀಡರ್ ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯಲ್ಲಿ ಅಷ್ಟು ಹೊತ್ತೂ ಕಂದು ಬಣ್ಣದ ಹಳೆಯ ಆಯಿಲ್ಲೇ ಇಳಿಯುತ್ತಿರುತ್ತದೆ, ನಡುವೆ ಒಂದೆರಡು ಗುಳ್ಳೆ. ಆಮೇಲೆ ಬಣ್ಣ ತೆಳುವಾಗುತ್ತಾ ಬಂದು, ನೋಡನೋಡುತ್ತಿದ್ದಂತೆ ಕೊಳವೆಯ ತುಂಬ ತಿಳಿ ಹಳದಿಯ ಹೊಸ ಆಯಿಲ್ ನಿಲ್ಲುತ್ತದೆ. ಕಳೆದ ಶನಿವಾರ ಮಗಳು ಪೆಡಲ್ ಒತ್ತಲು ಕೂತಿದ್ದಳು. ನಾನು ಚಕ್ರದ ಪಕ್ಕ ನೆಲದ ಮೇಲೆ, ಕೈಯಲ್ಲಿ ಸ್ಪ್ಯಾನರ್.

"ಒತ್ತು."

"ಒತ್ತಿದೆ ಅಪ್ಪ."

"ಹಾಗೇ ಹಿಡ್ಕೋ." ನಿಪ್ಪಲನ್ನು ಕಾಲು ಸುತ್ತು ಬಿಟ್ಟೆ.

"ಅಯ್ಯೋ, ಕೆಳಗೆ ಹೋಯ್ತು. ಬಿಡ್ಲಾ?"

"ಈಗ್ಲೇ ಬೇಡ ಪುಟ್ಟಿ, ಬಿಗಿ ಮಾಡ್ತೀನಿ... ಹ್ಞಾಂ, ಬಿಡು."

ನಿಪ್ಪಲ್ ಬಿಗಿಯಾಗುವ ಮುಂಚೆ ಅವಳು ಕಾಲೆತ್ತಿದರೆ ಗಾಳಿ ಒಳಗೆ ಹೋಗಿ ಎಲ್ಲ ಮೊದಲಿನಿಂದ ಆಗಬೇಕು. ಅವಳು ಒಂದು ಸಲವೂ ಎತ್ತಲಿಲ್ಲ. ನಾಲ್ಕೂ ಚಕ್ರ ಮುಗಿದ ಮೇಲೆ ಪೆಡಲ್ ಮೇಲೆ ನಾನೇ ಕಾಲಿಟ್ಟು ನೋಡಿದೆ. ಒಂದಿಷ್ಟು ಹೋಗಿ ಗಟ್ಟಿಯಾಗಿ ನಿಂತಿತು. ಕಾರನ್ನು ರೇಸ್ ಟ್ರ್ಯಾಕಿಗೆ ಸಿದ್ಧಪಡಿಸುವ ಕೆಲಸದಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಕಾರು 1990ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಚಾವಣಿ, ಬೇಕೆಂದಾಗ ರೆಪ್ಪೆ ತೆರೆಯುವ ಹೆಡ್‌ಲೈಟು, 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗೂ ಕಡಿಮೆ ತೂಕ. ಹಳೆಯ ಬ್ರಿಟಿಷ್ ಕಾರುಗಳಂಥ ಹಗುರವಾದ, ಕೈಗೆಟಕುವ ಬೆಲೆಯ ಕಾರೊಂದನ್ನು ಮಾಡಿ ಎಂದು 1970ರ ದಶಕದ ಕೊನೆಯಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರು ಮಾಜ್ದಾದ ಕೆನಿಚಿ ಯಮಮೊಟೊ ಅವರಿಗೆ ಹೇಳಿದ್ದರು. 1989ರ ಫೆಬ್ರವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂತು. 2016ರ ಹೊತ್ತಿಗೆ 10 ಲಕ್ಷ ಕಾರುಗಳು ತಯಾರಾಗಿದ್ದವು. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ, ಸ್ವಂತ ಕಾರು ಓಡಿಸಿ ಕಲಿಯಲು ಬಿಡುವ ಯಾವ ಟ್ರ್ಯಾಕಿಗೆ ಹೋದರೂ ಕಾರು ನಿಲ್ಲಿಸುವ ಪ್ಯಾಡಕ್‌ನಲ್ಲಿ ನಾಲ್ಕಾರು ಕಣ್ಣಿಗೆ ಬೀಳುತ್ತವೆ.

ಅಲ್ಲಿಗೆ ಬಂದ ಹೊಸಬರು ಬಾನೆಟ್ ಎತ್ತಿದ್ದನ್ನು ನೋಡಿದ ತಕ್ಷಣ ಕೇಳುವುದು ಒಂದೇ ಪ್ರಶ್ನೆ: ಟರ್ಬೊ ಹಾಕಿಸಿಲ್ಲವಾ? ಇಲ್ಲ. ಹಾಕಿಸುವುದೂ ಇಲ್ಲ. ಈ ಕಾರಿನ ನಾಲ್ಕು ಚಕ್ರಕ್ಕೂ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ, ಮುಂದೆ ಹಿಂದೆ ಹೆಚ್ಚುಕಡಿಮೆ ಸಮಭಾರ. ತಿರುವಿಗೆ ಎಷ್ಟು ವೇಗ ಒಯ್ದೆವು, ಎಲ್ಲಿ ಬಿಟ್ಟೆವು, ಎಲ್ಲಿ ಹಿಡಿದೆವು ಎನ್ನುವುದೆಲ್ಲ ಬೆನ್ನಿಗೂ ಅಂಗೈಗೂ ನೇರವಾಗಿ ಗೊತ್ತಾಗುತ್ತದೆ. ಅದಕ್ಕೆ ಟರ್ಬೊ ಕೂರಿಸಿದರೆ ನೇರ ದಾರಿಯಲ್ಲಿ ಒಂದಿಷ್ಟು ವೇಗ ಸಿಗುತ್ತದೆ. ಆ ವೇಗವನ್ನು ಇಳಿಸಬೇಕಾದ ಬ್ರೇಕು ಮಾತ್ರ ಹಾಗೇ ಉಳಿದಿರುತ್ತದೆ, 1.6 ಲೀಟರ್ ಕಾರಿನ ಮುಂದಿನ ಡಿಸ್ಕ್ 235 ಮಿಲಿಮೀಟರ್.

ಸ್ವಲ್ಪ ಲೆಕ್ಕ ಹಾಕೋಣ. ಚಾಲಕ ಸೇರಿ 1,050 ಕಿಲೋ ಇರುವ ಕಾರು ಗಂಟೆಗೆ 160 ಕಿಲೋಮೀಟರಿನಿಂದ 80ಕ್ಕೆ ಇಳಿದರೆ ಅದರ ಚಲನಶಕ್ತಿಯ ಮುಕ್ಕಾಲು ಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ, ಅಂದರೆ ಸುಮಾರು 780 ಕಿಲೋಜೂಲ್. ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕು ಅದು. ಅಷ್ಟೂ ಮೂರ್ನಾಲ್ಕು ಸೆಕೆಂಡಿನಲ್ಲಿ, ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳಲ್ಲಿ, ಟ್ರ್ಯಾಕಿನ ಇಪ್ಪತ್ತು ನಿಮಿಷದ ಸೆಷನ್ನಿನ ಉದ್ದಕ್ಕೂ ಮತ್ತೆ ಮತ್ತೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿಯವರೆಗಾದರೂ ಕುದಿಯಬಾರದು ಎಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ನೂರಕ್ಕೆ ಮೂರ್ನಾಲ್ಕು ಭಾಗ ನೀರು ಸೇರಿದರೆ ಅದೇ ದರ್ಜೆಗೆ ನಿಗದಿಯಾದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ, ಆವಿಯಾದರೆ ಒತ್ತಡ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ತಲುಪದು, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಇದಕ್ಕೆ ಹೆಚ್ಚಿನ ಸಲ ಮುನ್ಸೂಚನೆಯೇ ಇರುವುದಿಲ್ಲ.

ಹಳೆಯ ಕಾರನ್ನು ಟ್ರ್ಯಾಕಿಗೆ ತಯಾರು ಮಾಡುವುದೆಂದರೆ ಹೆಚ್ಚಿನ ಪಾಲು ಹೀಗೇ, ಮೂವತ್ತು ವರ್ಷ ಸವೆದದ್ದನ್ನು ಹೊಸದು ಮಾಡುವುದು. ಬಿರುಕುಬಿಟ್ಟ ರಬ್ಬರ್ ಬುಷ್, ಗಟ್ಟಿಯಾದ ಹೋಸ್ ಪೈಪ್, ಅಲುಗುವ ವೀಲ್ ಬೇರಿಂಗ್. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಹೊಸದರಲ್ಲಿ ಕಪ್ಪಗಿರುತ್ತದೆ. ಅದು ಕಂದುಗಟ್ಟಿತೆಂದರೆ ಒಡೆಯುವ ಕಾಲ ಬಂತೆಂದೇ ಅರ್ಥ, ಕಾಯಬಾರದು. ಈ ಎಂಜಿನ್ ಮೊದಲು ಫ್ಯಾಮಿಲಿ ಕಾರಿನಲ್ಲಿ ಅಡ್ಡಡ್ಡ ಕೂರುತ್ತಿತ್ತು. ಮಿಯಾಟಾದಲ್ಲಿ ಉದ್ದುದ್ದ ಕೂರಿಸುವಾಗ ಹಿಂದೆ ಜಾಗವಿಲ್ಲದೆ ನೀರಿನ ಹೊರದಾರಿಯನ್ನು ಮುಂದಕ್ಕೆ ತಂದರು. ಹಾಗಾಗಿ ಹಿಂತುದಿಯ ನಾಲ್ಕನೇ ಸಿಲಿಂಡರಿಗೆ ನೀರಿನ ಓಟ ಸಾಲದು. ರಸ್ತೆಯಲ್ಲಿ ಇದರಿಂದ ಏನೂ ಆಗದು. ಬೇಸಿಗೆಯಲ್ಲಿ ವಿಲ್ಲೋಸ್ ಊರಿನ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕಿಗೆ ಹೋದವರಿಗೆ, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮೂರು ಮೈಲಿಯ ಹದಿನೈದು ತಿರುವುಗಳನ್ನು ಸುತ್ತಿದವರಿಗೆ ಇದರ ಚಿಂತೆ ಇದ್ದೇ ಇರುತ್ತದೆ. ನೀರಿನ ದಾರಿಯನ್ನು ಮತ್ತೆ ಹಿಂದಕ್ಕೆ ಒಯ್ಯುವವರೂ ಇದ್ದಾರೆ, ಟರ್ಬೊ ಹಾಕುವವರಿಗೆ ಅದು ಬೇಕೇ ಬೇಕು. ನನ್ನ ಎಂಜಿನ್ನಿಗೆ ಒಳ್ಳೆಯ ಅಲ್ಯೂಮಿನಿಯಂ ರೇಡಿಯೇಟರ್ ಸಾಕಾಗಿದೆ.

ಟೈರಿನ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ಈ ಕಾರಿಗೆ ಕಾರ್ಖಾನೆಯವರು ಕೊಟ್ಟದ್ದು 14 ಇಂಚಿನ, 185 ಅಗಲದ ಟೈರು. ಆ ಅಳತೆಯ ಒಳ್ಳೆಯ ರಸ್ತೆ ಟೈರು ಮಾತಾಡುತ್ತದೆ. ಹಿಡಿತ ಬಿಡುವ ಮೊದಲು ಗುನುಗುತ್ತದೆ, ಆಮೇಲೆ ಕಿರುಚುತ್ತದೆ, ಕೊನೆಗೆ ಮೆಲ್ಲಗೆ ಜಾರುತ್ತದೆ. ಕಲಿಯುವವನಿಗೆ ಅದೇ ಗುರು. ಅದನ್ನು ಕಿತ್ತು ಅಂಟು ಹೆಚ್ಚಿರುವ ರೇಸ್ ಟೈರು ಹಾಕಿಸಿಕೊಂಡವರ ತಪ್ಪುಗಳೆಲ್ಲ ಟೈರಿನ ಹಿಡಿತದಲ್ಲೇ ಮುಚ್ಚಿಹೋಗುತ್ತವೆ. ಆ ಹಿಡಿತ ಕಳಚುವಾಗ ಎಚ್ಚರಿಕೆ ಕಡಿಮೆ, ವೇಗ ಹೆಚ್ಚು.

ಟೈರಿನ ಗಾಳಿ ನೋಡಲು ನನ್ನ ಮೆಚ್ಚಿನ ಸಾಧನ ಶೂಗೆ ಹಚ್ಚುವ ಬಿಳಿ ಪಾಲಿಶ್. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಪ್ರತಿ ಟೈರಿನ ಹೊರ ಅಂಚಿನಲ್ಲಿ, ಮೈಯಿಂದ ಪಕ್ಕೆಗೆ ಇಳಿಯುವಂತೆ ಎರಡು ಬೆರಳಗಲದ ಪಟ್ಟೆಗಳನ್ನು ಮೂರು ಕಡೆ ಬಳಿಯಬೇಕು. ಒಂದು ಸೆಷನ್ ಮುಗಿಸಿ ಬಂದು ನೋಡಬೇಕು. ಪಾಲಿಶ್ ಪಕ್ಕೆಯವರೆಗೂ ಅಳಿಸಿಹೋಗಿದ್ದರೆ ತಿರುವಿನಲ್ಲಿ ಟೈರು ಮಗುಚಿಕೊಂಡು ಪಕ್ಕೆಯ ಮೇಲೆ ಓಡಿದೆ, ಗಾಳಿ ಸಾಲದು. ಅಂಚಿನ ಒಳಗೇ ಪಾಲಿಶ್ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ, ಟೈರಿನ ಪೂರ್ತಿ ಅಗಲ ನೆಲ ಮುಟ್ಟುತ್ತಿಲ್ಲ. ಹಲವು ಟೈರುಗಳ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತದೆ. ಪಾಲಿಶ್ ಆ ತ್ರಿಕೋನದ ತುದಿಯ ಹತ್ತಿರ ಅಳಿಸಿ ನಿಂತರೆ ಸರಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏಳೆಂಟು ಪಿಎಸ್‌ಐ ಏರಿರುತ್ತದೆ, ಅದಕ್ಕೇ ಬಂದ ಕೂಡಲೇ ಬಿಸಿಯಲ್ಲಿ ಅಳೆದು ಹೆಚ್ಚಾದ ಗಾಳಿಯನ್ನು ಬಿಡಬೇಕು, ಸಂಜೆ ಮನೆಗೆ ಹೊರಡುವಾಗ ಮತ್ತೆ ತುಂಬಿಸಬೇಕು. ಪಕ್ಕದವರು ನೂರಾರು ಡಾಲರಿನ ಉಷ್ಣಮಾಪಕ ಹಿಡಿದು ಟೈರಿಗೆ ಚುಚ್ಚುತ್ತಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬರೆಯಲಿ. ಬಿಳಿ ಪಟ್ಟೆ ಎಲ್ಲಿ ಅಳಿಸಿತು ಎನ್ನುವುದನ್ನು ಹತ್ತು ಅಡಿ ದೂರದಿಂದ ನೋಡಿದರೂ ತಿಳಿಯುತ್ತದೆ.

ಚಾವಣಿ ತೆರೆಯುವ ಕಾರಿಗೆ ಹೆಚ್ಚಿನ ಕಡೆ ರೋಲ್ ಬಾರ್ ಕಡ್ಡಾಯ. ರೋಲ್ ಬಾರಿನ ನೆತ್ತಿಯಿಂದ ಮುಂದಿನ ಗಾಜಿನ ಮೇಲ್ತುದಿಗೆ ಒಂದು ಕೋಲು ಇಟ್ಟರೆ ಚಾಲಕನ ಹೆಲ್ಮೆಟ್ ಅದಕ್ಕಿಂತ ಕೆಳಗಿರಬೇಕು. ಎತ್ತರದವರು ಸೀಟಿನ ಹೊದಿಕೆ ಬಿಚ್ಚಿ, ಒಳಗಿನ ಸ್ಪಂಜನ್ನು ಚಾಕುವಿನಿಂದ ತೆಳ್ಳಗೆ ಕೊಯ್ದು ತಗ್ಗಿ ಕೂರುತ್ತಾರೆ. ಹೆಲ್ಮೆಟ್ ಬೈಕಿನದಾದರೆ ಹಲವು ಕಡೆ ನಡೆಯದು, ಬೆಂಕಿ ತಡೆಯುವ ಒಳಪದರವಿರುವ ಕಾರಿನ ಹೆಲ್ಮೆಟ್ಟೇ ಬೇಕು. ಚಕ್ರದ ನಟ್ಟುಗಳನ್ನು ಪ್ರತಿ ಸೆಷನ್ನಿಗೆ ಮುಂಚೆ ಟಾರ್ಕ್ ರೆಂಚಿನಲ್ಲಿ ನೋಡಬೇಕು. ಒಳಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಬೇಕು, ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ನಿಲ್ಲಬಾರದು.

ಇಷ್ಟೆಲ್ಲ ಮಾಡಿ ಟ್ರ್ಯಾಕಿಗಿಳಿದರೆ ಮುಂದೆ ನಾನೂರು ಅಶ್ವಶಕ್ತಿಯ ದೊಡ್ಡ ಕಾರೊಂದು. ಕಲಿಯುವವರ ಗುಂಪಿನಲ್ಲಿ ಮುಂದಿನವನು ಕೈ ತೋರಿಸಿ ದಾರಿ ಕೊಡದೆ ಹಿಂದಿನವನು ದಾಟುವಂತಿಲ್ಲ. ಅದು ಒಳ್ಳೆಯ ನಿಯಮ, ಅಪಘಾತ ತಪ್ಪಿಸುವ ನಿಯಮ. ದೊಡ್ಡ ಕಾರಿನವನು ತಿರುವಿನಲ್ಲಿ ತೆವಳುತ್ತಾನೆ, ನೇರ ದಾರಿ ಸಿಕ್ಕ ತಕ್ಷಣ ಹಾರುತ್ತಾನೆ. ಮುಂದಿನ ತಿರುವಿನಲ್ಲಿ ಮತ್ತೆ ನನ್ನ ಮೂಗಿನ ಮುಂದೆ. ಕನ್ನಡಿಯಲ್ಲಿ ನಾನು ಕಾಣುತ್ತೇನೆ, ಕೈ ಮಾತ್ರ ಹೊರಗೆ ಬರುವುದಿಲ್ಲ. ಸೆಷನ್ ಪೂರ್ತಿ ಹೀಗೇ ಕಳೆಯುತ್ತದೆ. ಎಂಜಿನ್ ಕೊಟ್ಟ ವೇಗವನ್ನೇ ತನ್ನ ವೇಗವೆಂದು ನಂಬಿದವನಿಗೆ ಸಣ್ಣ ಕಾರಿಗೆ ದಾರಿ ಬಿಡುವುದು ಅವಮಾನ. ಅವನು ತನ್ನ ಹಣ ಕೊಟ್ಟು ಬಂದಿದ್ದಾನೆ, ನಿಜ. ಅವನ ಹಿಂದೆ ಸಾಲುಗಟ್ಟಿದ ಐದು ಕಾರಿನವರೂ ಕೊಟ್ಟೇ ಬಂದಿದ್ದಾರೆ.

ದಾರಿ ಬಿಡದಿದ್ದರೆ ಹಾಳಾಗುವುದು ಒಂದು ಸೆಷನ್. ಬ್ರೇಕಿನ ವಿಷಯ ಹಾಗಲ್ಲ. ನಾನು ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತೇನೆ. ನಮಗೆ ಸಂಬಳವಿಲ್ಲ, ನಮ್ಮ ಕಾಲ ಕೆಳಗೆ ಬೇರೆ ಬ್ರೇಕ್ ಪೆಡಲ್ಲೂ ಇಲ್ಲ. ಕಾರಿನ ಹಿಂದಿನ ರೆಕ್ಕೆಗೆ ಸಾವಿರಗಟ್ಟಲೆ ಡಾಲರ್ ಸುರಿದವನೊಬ್ಬನನ್ನು ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದೆ. ಕಾರು ಕೊಂಡಾಗಿನಿಂದ ಮುಟ್ಟಿಲ್ಲ, ಮಟ್ಟ ಸರಿಯಾಗಿದೆಯಲ್ಲ ಎಂದ. ನಾನು ಇಳಿದುಬಿಟ್ಟೆ. ಅವನಿಗೆ ಸಿಟ್ಟು ಬಂತು, ನನಗೆ ಅವನಿಗಿಂತ ಹೆಚ್ಚು ಬಂದಿತ್ತು. ತನ್ನ ಜೀವದ ಜೊತೆ ಏನು ಬೇಕಾದರೂ ಮಾಡಿಕೊಳ್ಳಲಿ, ಪಕ್ಕದಲ್ಲಿ ಕೂತವನ ಜೀವವನ್ನೂ, ಎದುರಿನ ತಿರುವಿನಲ್ಲಿ ಬಾವುಟ ಹಿಡಿದು ನಿಂತವನ ಜೀವವನ್ನೂ ಹಳಸಿದ ಆಯಿಲ್‌ಗೆ ಒಪ್ಪಿಸುವ ಹಕ್ಕು ಅವನಿಗಿಲ್ಲ.

ಊರಿಗೆ ಬಂದಾಗಲೂ ನನ್ನನ್ನು ಕಾಡುವುದು ಇದೇ ಆಯಿಲ್. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಕಾರುಗಳ ಒಳಗೆ ಐದಾರು ಜನ, ಮೇಲೆ ಲಗೇಜು, ಚಾಲಕನ ಕಾಲು ಉದ್ದಕ್ಕೂ ಬ್ರೇಕಿನ ಮೇಲೆ. ತಿರುವಿನಲ್ಲಿ ಕಾರು ನಿಲ್ಲಿಸಿದವರ ಚಕ್ರದಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಮೂರು ಸೆಕೆಂಡಿನಲ್ಲಿ ಆಗುವ ಕಾವು ಅಲ್ಲಿ ನಿಧಾನವಾಗಿ, ಬಿಡುವಿಲ್ಲದೆ ಏರುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ವರ್ಷದ ಅರ್ಧ ಭಾಗ ಗಾಳಿಯ ತುಂಬ ತೇವ. ಗ್ಯಾರೇಜಿನಲ್ಲಿ ಕೇಳಿದರೆ "ಟಾಪ್ ಅಪ್ ಮಾಡಿದ್ದೀನಿ ಸಾರ್" ಎನ್ನುತ್ತಾರೆ. ಮೇಲಿನ ಡಬ್ಬಿಗೆ ನಾಲ್ಕು ಹನಿ ಹೊಸ ಆಯಿಲ್ ಸುರಿದರೆ ಕ್ಯಾಲಿಪರಿನಲ್ಲಿ ಸೇರಿಕೊಂಡ ನೀರು ಹೋಗುವುದಿಲ್ಲ. ನಾಲ್ಕೂ ಚಕ್ರದಿಂದ ಹಳೆಯದನ್ನು ತೆಗೆಸಬೇಕು.

ಅದಕ್ಕೆ ತಗಲುವುದು ಒಂದು ಲೀಟರ್ ಆಯಿಲ್ ಮತ್ತು ಒಂದು ಗಂಟೆಯ ಕೂಲಿ. ಕಿಲೋಮೀಟರ್ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಮಾಡಿಸಿ. ಸೀಲ್ ಒಡೆಯದ ಹೊಸ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ.