ಬಳ್ಳಾರಿ ಬಸ್ಸು ಹತ್ತಲು ಎರಡು ಕಾರಣ

1995ರ ಜನವರಿ 16ರಿಂದ ಎನ್.ಟಿ. ರಾಮರಾವ್ ಸರ್ಕಾರ ಆಂಧ್ರದಲ್ಲಿ ಪೂರ್ತಿ ಪಾನನಿಷೇಧ ತಂದಾಗ, ರಾಯದುರ್ಗದ ಗಂಡಸರಿಗೆ ಬಳ್ಳಾರಿ ಬಸ್ಸು ಹತ್ತಲು ಎರಡನೆಯ ಕಾರಣ ಸಿಕ್ಕಿತು. ಮೊದಲನೆಯದು ಕನ್ನಡ ಸಿನಿಮಾ. 1953ರ ಅಕ್ಟೋಬರ್ 1ರವರೆಗೆ ನಮ್ಮದು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದ ದಿನ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಅನಂತಪುರದ ಪಾಲಾಯಿತು. ಮನೆಯೊಳಗೆ ಕನ್ನಡ, ಟಾಕೀಸಿನೊಳಗೆ ಹೆಚ್ಚಾಗಿ ತೆಲುಗು. ಅಕ್ಕನನ್ನು ಕೊಟ್ಟ ಮಡಕಶಿರದ ಕಡೆಯೂ ಇದೇ ಪಾಡು. ಅವರು ಪಾವಗಡಕ್ಕೋ ಶಿರಾಕ್ಕೋ ಹೋಗುತ್ತಿದ್ದರು.

ಆಗಿನ ಕುಡಿತದಲ್ಲಿ ರುಚಿಯ ಮಾತೇ ಇರಲಿಲ್ಲ. ಕ್ವಾರ್ಟರಿಗೆ ಒಂದಿಷ್ಟು ನೀರು ಸುರಿದು, ನಿಂತಲ್ಲೇ ಗಂಟಲಿಗಿಳಿಸಿ, ನಾಲಿಗೆಗೆ ಉಪ್ಪಿನಕಾಯಿ ಹಚ್ಚಿಕೊಂಡು ವಾಪಸು ಬಸ್ಸು ಹಿಡಿಯುವುದು. ನಿಷೇಧಕ್ಕೆ ನಾಂದಿಯಾಗಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದದ್ದು ನ್ಯಾಯವಾಗಿಯೇ ಇತ್ತು. ಸಾರಾಯಿ ತಿಂದುಹಾಕಿದ ಮನೆಗಳು ನಮ್ಮ ಬೀದಿಯಲ್ಲೂ ಇದ್ದವು. 1997ರಲ್ಲಿ ನಿಷೇಧ ಸಡಿಲಾಯಿತು. ಕದ್ದು ಕುಡಿಯುವ ಅವಸರ ಮಾತ್ರ ಹಾಗೇ ಉಳಿಯಿತು.

ತೆರೆಯ ಮೇಲೆ ಕುಡಿಯುವವನೆಂದರೆ ನಮ್ಮ ಕಡೆ ‘ದೇವದಾಸು’, 1953ರ ಚಿತ್ರದ ಅಕ್ಕಿನೇನಿ ನಾಗೇಶ್ವರರಾವ್. ಕೈಯಲ್ಲಿ ಬಾಟಲಿ ಇದ್ದರೆ ಒಂದೋ ವಿರಹಿ, ಇಲ್ಲವೇ ಖಳ. ನನ್ನನ್ನು ಹಿಡಿದು ಕೂರಿಸಿದವರು ಬೇರೆ ಜನ. ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಉಪ್ಪಿನಕಾಯಿಗೆ ಕೈಹಾಕಿ ಚಪ್ಪರಿಸುವ ಲೋಕನಾಥ್ ಅವರನ್ನು ನೋಡಿದ ಮೇಲೆ, ಹೊಡೆದಾಟಕ್ಕಿಂತ ಮನುಷ್ಯನ ಚಾಳಿಯೇ ದೊಡ್ಡ ಕಥೆ ಎಂದು ನನಗೆ ಖಾತ್ರಿಯಾಯಿತು.

ಇಂಥ ಚಿತ್ರಗಳು ಊರಿನ ಟಾಕೀಸಿಗೆ ಬರುತ್ತಿರಲಿಲ್ಲ. ಬಂದದ್ದು ದೆಹಲಿಯಿಂದ, ಭಾನುವಾರ ಮಧ್ಯಾಹ್ನದ ದೂರದರ್ಶನದಲ್ಲಿ. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯನ್ನು ನಮ್ಮ ಅಪ್ಪ ಊಟ ಬಿಟ್ಟು ನೋಡಿದರು. ತೇಜಸ್ವಿಯವರ ಕಥೆ, 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅದೇ, ಅತ್ಯುತ್ತಮ ನಟ ಅದರ ಚಾರುಹಾಸನ್. ಅಪ್ಪನಿಗೆ ಅದಾವುದೂ ಗೊತ್ತಿರಲಿಲ್ಲ. ತೆಲುಗು ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಬಾರದು. ಕಚೇರಿಯ ಕಾಗದ ಬಂದರೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗಿದ್ದವರು. ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವ ತಬರ ಶೆಟ್ಟಿಯನ್ನು ಅವರು ನೆಂಟನೆಂದೇ ಎಣಿಸಿದರು.

ಈಗ ಬೆಂಗಳೂರಿನಲ್ಲಿರುವ ಅಕ್ಕನ ಮಗ ಮನೆಯಲ್ಲೇ ಕಾಕ್‌ಟೇಲ್ ಬೆರೆಸುತ್ತಾನೆ. ನಾನು ಹೋಗುವಾಗ ಅನಂತಪುರದ ನನ್ನಾರಿ ಶರಬತ್ತಿನ ಪಾಕ ಒಯ್ಯುತ್ತೇನೆ. 60 ಮಿಲಿ ಜಿನ್, 20 ಮಿಲಿ ನಿಂಬೆರಸ, 20 ಮಿಲಿ ನನ್ನಾರಿ. ಶೇಕರಿನಲ್ಲಿ ಐಸಿನೊಂದಿಗೆ ಚೆನ್ನಾಗಿ ಕುಲುಕಿ, ಸೋಸಿ, ಮೇಲೆ ಸೋಡಾ. “ಮಾವ, ಐಸು ಬರೀ ತಣ್ಣಗೆ ಮಾಡೋಕಲ್ಲ. ಕರಗಿದ ನೀರೂ ಲೆಕ್ಕದಲ್ಲಿದೆ, ಅದೇ ಜಿನ್ನಿನ ಖಾರ ಮುರಿಯೋದು” ಎನ್ನುತ್ತಾನೆ. ಹುಳಿ ಇದ್ದರೆ ಕುಲುಕಬೇಕು, ಬರೀ ಮದ್ಯಗಳಾದರೆ ಚಮಚದಲ್ಲಿ ತಿರುಗಿಸಿದರೆ ಸಾಕಂತೆ. ನನ್ನಾರಿ ಬೇರಿನ ಆ ಮಣ್ಣುವಾಸನೆ ಜಿನ್ನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬೆಲ್ಲ, ಶುಂಠಿ, ಏಲಕ್ಕಿಯ ಪಾನಕಕ್ಕೂ ರಮ್ ಹಾಕೋಣವೆಂದ. ಅದು ಬೇಡ ಎಂದೆ. ರಾಮನವಮಿಯ ಪಾನಕ ಪಾನಕವಾಗಿಯೇ ಇರಲಿ. ಒಂದು ಗ್ಲಾಸು ಮುಗಿಯಲು ಅರ್ಧ ಸಿನಿಮಾ ಬೇಕು, ಎರಡನೆಯದನ್ನು ಯಾರೂ ಕೇಳುವುದಿಲ್ಲ. ಕುಡಿಯುವ ವಿಷಯದಲ್ಲಿ ಅಂದಿಗಿಂತ ಇಂದು ಮೇಲು, ಅನುಮಾನವಿಲ್ಲ.

ಅವನ ಮನೆಯಲ್ಲೇ ರಾಮ್ ರೆಡ್ಡಿಯವರ ‘ತಿಥಿ’ ನೋಡಿದೆ. 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದ ಚಿತ್ರ, ಮಂಡ್ಯ ಸೀಮೆಯ ಹಳ್ಳಿಯವರೇ ನಟರು. ಅದರ ಗಡ್ಡಪ್ಪ ಟೈಗರ್ ಬ್ರಾಂದಿಯ ಕ್ವಾರ್ಟರ್ ಹಿಡಿದು ನಡೆಯುತ್ತಲೇ ಇರುತ್ತಾನೆ. ಜಮೀನಿಗಾಗಿ ಮಗನೇ ಅವನ ಸುಳ್ಳು ಮರಣಪತ್ರ ಮಾಡಿಸಿದರೂ ಅವನಿಗೆ ಅದರ ಗೊಡವೆ ಇಲ್ಲ. ವಿರಹಿಯಲ್ಲ, ಖಳನಲ್ಲ. ಕುಡಿಯುವವನನ್ನು ಒಬ್ಬ ಮನುಷ್ಯನಾಗಿ ನಾನು ತೆರೆಯ ಮೇಲೆ ಕಂಡದ್ದು ಅಲ್ಲೇ. ಒಬ್ಬ ಕಾಗದಕ್ಕಾಗಿ ಜೀವ ತೇಯುವ ತಬರ, ಇನ್ನೊಬ್ಬ ಕಾಗದದಲ್ಲಿ ಸತ್ತರೂ ನಡೆಯುವ ಗಡ್ಡಪ್ಪ; ಇಬ್ಬರನ್ನೂ ಒಂದೇ ವಾರ ನೋಡಬೇಕು.

ಆದರೆ ನನಗೆ ಸಿಕ್ಕ ‘ತಬರನ ಕಥೆ’ಯ ಪ್ರತಿ ಮುಖ ಕಾಣದಷ್ಟು ಮಸುಕು. ಮುಖವೇ ಕಾಣದಿದ್ದರೆ ಪಾತ್ರವೆಲ್ಲಿಯದು? ಕಾಸರವಳ್ಳಿಯವರದೇ ‘ಘಟಶ್ರಾದ್ಧ’ದ ರೀಲುಗಳನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ತಬರನಿಗೂ ಆ ಕೆಲಸ ಆಗಬೇಕು, ಮತ್ತು ಅದು ರಾಯದುರ್ಗದ ಮನೆಯ ಟಿವಿವರೆಗೂ ಬರಬೇಕು.